ಸಹಾಯ ಬೇಕು: ಎಟಿಪಿ ಬಾಂಡ್ ಮುರಿದ್ರೆ ಎನರ್ಜಿ ಹೆಂಗೆ ಬರುತ್ತೆ?

ಎಲ್ರಿಗೂ ನಮಸ್ಕಾರ, ಬಯೋಕೆಮಿಸ್ಟ್ರಿ ಗೊತ್ತಿರೋರು ಯಾರಾದ್ರೂ ಸ್ವಲ್ಪ ಬಿಡಿಸಿ ಹೇಳ್ತೀರಾ. ನ್ಯೂಕ್ಲಿಯೋಟೈಡ್ ಅಂದ್ರೆ ಒಂದು ನೈಟ್ರೋಜನ್ ಬೇಸ್, ಐದು ಕಾರ್ಬನ್ ಇರೋ ಸಕ್ಕರೆ, ಜೊತೆಗೆ ಫಾಸ್ಫೇಟ್, ಇಷ್ಟು ತಲೆಗೆ ಹೋಯ್ತು. ಎಟಿಪಿನೂ (ಜೀವಕೋಶ ತನ್ನ ಕೆಲಸಕ್ಕೆ ಎನರ್ಜಿ ಪಡೆಯೋ ಅಣು) ಅದೇ ಜಾತಿ, ಅಡಿನೀನ್, ರೈಬೋಸ್, 3 ಫಾಸ್ಫೇಟ್, ಅದ್ರಲ್ಲಿ ಎರಡು ಫಾಸ್ಫೇಟ್ ಉದುರಿಸಿದ್ರೆ ಆರ್‌ಎನ್‌ಎ ಒಳಗಿರೋ 'ಎ' ನೇ ಸಿಗುತ್ತೆ ಅಂತ ಗೊತ್ತಾದಾಗ ನಿಜವಾಗ್ಲೂ ಖುಷಿ ಆಯ್ತು (ಡಿಎನ್‌ಎ ಆದ್ರೆ ಸಕ್ಕರೆಯ 2ನೇ ಕಾರ್ಬನ್ ಮೇಲೆ ಒಂದು ಆಕ್ಸಿಜನ್ ಕಮ್ಮಿ, ಅಷ್ಟೇ).

ನಾನು ಸಿಕ್ಕಾಕೊಂಡಿರೋದು ಇಲ್ಲಿ. ಕೆಮಿಸ್ಟ್ರಿಲಿ ಬಾಂಡ್ ಮುರಿಯೋಕೆ ಎನರ್ಜಿ ಹಾಕ್ಬೇಕು ಅಂತ ಓದಿದೀನಿ, ಬಯಾಲಜಿಲಿ ನೋಡಿದ್ರೆ ಕೊನೇ ಫಾಸ್ಫೇಟ್ ಕಿತ್ರೆ ಒಂದು ಮೋಲ್‌ಗೆ ಸುಮಾರು 30.5 ಕಿಲೋಜೂಲ್ ಹೊರಗೆ ಬರುತ್ತೆ ಅಂತಾರೆ, ಎರಡೂ ಹೆಂಗೆ ಸರಿ? ನೀರು ಸೇರಿ ಎಡಿಪಿ (2 ಫಾಸ್ಫೇಟ್ ಉಳಿದಿರೋದು), ಫಾಸ್ಫೇಟ್ ಬೇರೆ ಬೇರೆ ಆದ್ಮೇಲೆ ನೆಗೆಟಿವ್ ಚಾರ್ಜ್‌ಗಳು ಒಂದನ್ನೊಂದು ತಳ್ಳೋದು ಕಮ್ಮಿಯಾಗಿ, ಹೊಸ ಬಾಂಡ್‌ಗಳು ಇನ್ನೂ ಗಟ್ಟಿ ಆಗ್ತವಲ್ಲ, ಆ ವ್ಯತ್ಯಾಸನೇ ಎನರ್ಜಿನಾ? ಹಂಗಿದ್ರೆ ಈ ಫಾಸ್ಫೇಟ್ ಬಾಂಡ್‌ಗೆ ಇಟ್ಟಿರೋ 'ಹೈ ಎನರ್ಜಿ ಬಾಂಡ್' ಅನ್ನೋ ಹೆಸರೇ ನಮ್ಮನ್ನ ದಾರಿ ತಪ್ಪಿಸ್ತಿದೆ ಅನ್ಸುತ್ತೆ.

ಇನ್ನೊಂದು, ಜಿಟಿಪಿನೂ (ಅಡಿನೀನ್ ಬದಲು ಗ್ವಾನೀನ್ ಇರೋದು) ಹೆಚ್ಚುಕಮ್ಮಿ ಅಷ್ಟೇ ಎನರ್ಜಿ ಕೊಡುತ್ತೆ, ಪ್ರೋಟೀನ್ ಕಟ್ಟುವಾಗ ರೈಬೋಸೋಮ್‌ಗೆ ಅದೇ ಬೇಕು, ಮತ್ತೆ ಬಹುಪಾಲು ಕೆಲಸಕ್ಕೆ ಎಟಿಪಿನೇ ಯಾಕೆ? ಉದ್ದ ಫಾರ್ಮುಲಾ ಬೇಡ, ಪೇಪರ್ ಮೇಲೆ ಗೀಚಿ ಫೋಟೋ ಹಾಕಿದ್ರೂ ಸಾಕು.