ಶೋಲಾಕಿಲಿ, ಶೋಲಾಕಿಳಿ, ಶೋಲೆಗಿಳಿ: ಯಾವುದು ಸರಿ?

ಪದಾಸಕ್ತರೆಲ್ಲರಿಗೂ ನಮಸ್ಕಾರ.

ಬಾಬಾಬುಡನ್‌ಗಿರಿಯ ಹಕ್ಕಿಯೊಂದರ ಬಗ್ಗೆ ಮಕ್ಕಳಿಗಾಗಿ ಪುಟ್ಟ ಬರಹವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಹೆಸರು ಬರೆಯುವಲ್ಲೇ ಕೈ ನಿಂತಿದೆ.

ಹಕ್ಕಿ ಗುಬ್ಬಚ್ಚಿಯಷ್ಟೇ ಇದೆ. ಬೆನ್ನು ಮಾಸಲು ನೀಲಿ, ಪಕ್ಕೆ ಕಂದುಗೆಂಪು, ಕಾಲು ಮಾತ್ರ ಮೈಗೆ ಹೋಲಿಸಿದರೆ ಉದ್ದ. ತೊರೆಯ ಬದಿಯ ಪೊದೆಗಳ ಬುಡದಲ್ಲಿ ತರಗೆಲೆಗಳ ಮೇಲೆ ಕುಪ್ಪಳಿಸುತ್ತ ಹುಳ ಹೆಕ್ಕುತ್ತದೆ. ಎರಡು ಬೆಳಗು ಕಾದು ಕುಳಿತರೂ ನನಗೆ ದಕ್ಕಿದ್ದು ಅದರ ಸಿಳ್ಳೆ ಮಾತ್ರ. ಮೂರನೆಯ ದಿನ ಪಾಚಿಗಟ್ಟಿದ ಬೇರಿನ ಮೇಲೆ ಒಂದು ಕ್ಷಣ ಕಂಡಿತು, ಅಷ್ಟೇ.

ಇಂಗ್ಲಿಷಿನವರು ಇದಕ್ಕೆ ಶಾರ್ಟ್‌ವಿಂಗ್ ಎಂದರು, ಬ್ಲೂ ರಾಬಿನ್ ಎಂದರು. ವಂಶವಾಹಿಗಳನ್ನು ಹೋಲಿಸಿ ನೋಡಿದ ಸಂಶೋಧಕರು 2017ರಲ್ಲಿ ಇದನ್ನೂ ಇದರ ಹತ್ತಿರದ ನೆಂಟರನ್ನೂ ಹೊಸ ಕುಲಕ್ಕೆ ಸೇರಿಸಿ 'ಶೋಲಿಕೋಲಾ' ಎಂದು ಕರೆದರು. ಲ್ಯಾಟಿನ್ನಿನ 'ಕೋಲಾ' ಎಂದರೆ ವಾಸಿ, ಅಂದರೆ ಶೋಲಾ ಎಂಬ ಬೆಟ್ಟದ ಕಾಡಿನ ವಾಸಿ. ಬಳಕೆಯ ಹೆಸರು 'ಶೋಲಾಕಿಳಿ'. ನಮ್ಮದು ನೀಲಗಿರಿ ಶೋಲಾಕಿಳಿ. ಪಾಲ್ಘಾಟ್ ಕಣಿವೆಯ ತೆಂಕಣಕ್ಕೆ ಇರುವುದು ಬಿಳಿಹೊಟ್ಟೆಯದು.

ರೋಮನ್ ಲಿಪಿಯಲ್ಲಿ ಳಕಾರವಿಲ್ಲ. ಆದ್ದರಿಂದ ಇಂಗ್ಲಿಷಿನ Sholakili ನೋಡಿ ಬರೆಯುವವರು 'ಶೋಲಾಕಿಲಿ' ಎಂದು ಬರೆಯುತ್ತಾರೆ. ಇದು ತಪ್ಪು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಮಲಯಾಳದಲ್ಲಿ 'ಕಿಳಿ' ಎಂದರೆ ಯಾವುದೇ ಪುಟ್ಟ ಹಕ್ಕಿ. ನಮ್ಮ ಹರಟೆಮಲ್ಲನನ್ನು ಅವರು 'ಕರಿಯಿಲಕ್ಕಿಳಿ', ಎಂದರೆ ತರಗೆಲೆ ಹಕ್ಕಿ, ಎನ್ನುತ್ತಾರೆ. ತಮಿಳಿನಲ್ಲಿ ಅದೇ ಪದ ಗಿಳಿಗೆ ಮೀಸಲು. ಕನ್ನಡದ 'ಗಿಳಿ'ಯೂ ಇದರ ಒಡಹುಟ್ಟು. ಮೊದಲಕ್ಷರ ಮಾತ್ರ ನಮ್ಮಲ್ಲಿ ಗಕಾರವಾಗಿದೆ.

ತೊಡಕು ಶುರುವಾಗುವುದು ಇಲ್ಲಿಯೇ. ಸಮಾಸವಾದಾಗ ಮಲಯಾಳ ಕಕಾರವನ್ನು ಒತ್ತಿ ಹೇಳಿದರೆ, ಕನ್ನಡ ಅದನ್ನು ಗಕಾರ ಮಾಡುತ್ತದೆ: ಮಳೆ, ಕಾಲ ಸೇರಿ ಮಳೆಗಾಲ. ಹಾಗೆಯೇ ಶೋಲಾವನ್ನು 'ಶೋಲೆ' ಎಂದುಕೊಂಡು 'ಕಿಳಿ' ಸೇರಿಸಿದರೆ 'ಶೋಲೆಗಿಳಿ'. ವ್ಯಾಕರಣ ಅಚ್ಚುಕಟ್ಟಾಗಿದೆ, ಆದರೆ ಹಕ್ಕಿ ಗಿಳಿಯಾಗಿ ಹೋಯಿತು! ಓದಿದ ಮಗು ಹಸಿರು ರೆಕ್ಕೆ, ಕೆಂಪು ಕೊಕ್ಕನ್ನು ಹುಡುಕುತ್ತದೆ.

'ಕಾನುಹಕ್ಕಿ' ಎನ್ನೋಣವೆಂದರೆ, ಮಲೆನಾಡಿನ ಕಾನು ಬೇರೆ, ಹುಲ್ಲುಬೆಟ್ಟಗಳ ಮಡಿಕೆಯಲ್ಲಿ ಗಿಡ್ಡ ಮರಗಳು ಒತ್ತೊತ್ತಾಗಿ ಬೆಳೆದಿರುವ ಶೋಲಾ ಬೇರೆ. 'ಶೋಲಾ ಕಾಡು' ಎಂಬಲ್ಲಿ ನಾವು ಕಕಾರವನ್ನು ಹಾಗೆಯೇ ಉಳಿಸಿಕೊಂಡಿದ್ದೇವೆ. ಆ ಧೈರ್ಯದಿಂದ 'ಶೋಲಾಕಿಳಿ' ಎಂದೇ ಬರೆಯುವ ಮನಸ್ಸು ನನ್ನದು.

ಎರಡು ಪ್ರಶ್ನೆಗಳಿವೆ. 'ಗಿಳಿ' ಅಥವಾ 'ಗಿಣಿ' ಪದವನ್ನು ಗಿಳಿಯಲ್ಲದ ಹಕ್ಕಿಗೂ ಬಳಸುವ ರೂಢಿ ನಿಮ್ಮ ಸೀಮೆಯಲ್ಲಿ ಇದೆಯೇ? ಬ್ರಹ್ಮಗಿರಿಯ ಆಸುಪಾಸಿನವರು, ನೀಲಗಿರಿಯ ಬಡಗರ ಮಾತು ಬಲ್ಲವರು ಈ ಹಕ್ಕಿಯನ್ನು ಏನೆಂದು ಕರೆಯುತ್ತಾರೆ? ಹಳೆಯ ಹೆಸರು ಸಿಕ್ಕಿದರೆ ಅದನ್ನೇ ಶೀರ್ಷಿಕೆಗೆ ಇಡುತ್ತೇನೆ.