ಸಾಯಿಲ್ ರಿಪೋರ್ಟ್‌ನಿಂದ ಡಿಸೈನ್ ಕಡೆ ಹೋಗಲು ಯಾವ ಸಾಫ್ಟ್‌ವೇರ್ ಕಲಿಯಬೇಕು?

ಕೆಂಪುಮಣ್ಣು:
ಬೆಂಗಳೂರಿನಲ್ಲಿ ಮಣ್ಣು ಪರೀಕ್ಷೆಯ ಕೆಲಸ. ಬೋರ್‌ಲಾಗ್ (ಕೊರೆದಾಗ ಸಿಕ್ಕ ಪದರಗಳ ದಾಖಲೆ), ಐಎಸ್ 6403 ಮಾನದಂಡದ ಬೇರಿಂಗ್ ಕೆಪಾಸಿಟಿ (ಮಣ್ಣು ಹೊರಬಲ್ಲ ಭಾರ) ಎಲ್ಲವೂ ಎಕ್ಸೆಲ್‌ನಲ್ಲೇ. ಬೇಸ್‌ಮೆಂಟ್ ಅಗೆತ, ಡಯಾಫ್ರಾಮ್ ವಾಲ್ (ಅಗೆಯುವ ಮೊದಲೇ ನೆಲದೊಳಗೆ ಕಟ್ಟುವ ಕಾಂಕ್ರೀಟ್ ಗೋಡೆ) ಡಿಸೈನ್ ಮಾಡುವ ಆಸೆ ಇದೆ. ಪ್ಲಾಕ್ಸಿಸ್ (ಮಣ್ಣಿನ ಚಲನೆ, ಬಲ ಲೆಕ್ಕಹಾಕುವ ಸಾಫ್ಟ್‌ವೇರ್) ಮೊದಲೋ, ಪೈಥಾನ್ ಪ್ರೋಗ್ರಾಮಿಂಗ್ ಮೊದಲೋ?

ಗಟ್ಟಿತಳ:
ಗುರಿ ಅಗೆತವಾದರೆ ಪ್ಲಾಕ್ಸಿಸ್ 2ಡಿ ಮೊದಲು. ಪದರ ಬರೆದು ಮೆಶ್ (ಲೆಕ್ಕಕ್ಕಾಗಿ ಮಣ್ಣನ್ನು ತುಂಡುಗಳಾಗಿಸುವ ಜಾಲ) ಹಾಕುವುದು ಬೇಗ ಬರುತ್ತದೆ. ಸಂದರ್ಶನದಲ್ಲಿ ಕೇಳುವುದು, ಯಾವ ಮಣ್ಣಿಗೆ ಯಾವ ಮಾಡೆಲ್ (ಮಣ್ಣಿನ ವರ್ತನೆಯನ್ನು ಹೇಳುವ ಲೆಕ್ಕದ ಸೂತ್ರ), ಯಾಕೆ ಅಂತ.

ಮೋರ್-ಕೂಲಂಬ್ ಎಂಬ ಸರಳ ಮಾಡೆಲ್‌ನಲ್ಲಿ ಹೊರೆ ಹಾಕುವಾಗಲೂ ತೆಗೆಯುವಾಗಲೂ ಒಂದೇ ಇ (ಮಣ್ಣಿನ ಬಿಗಿತ). ಹಾಗಾಗಿ ಅಗೆದಾಗ ತಳ ವಿಪರೀತ ಉಬ್ಬುತ್ತದೆ, ಗೋಡೆಯ ಹಿಂದೆ ಕುಸಿಯಬೇಕಾದ ನೆಲ ಮೇಲೆದ್ದಂತೆಯೂ ಕಾಣಬಹುದು. ಹಾರ್ಡನಿಂಗ್ ಸಾಯಿಲ್ ಮಾಡೆಲ್‌ನಲ್ಲಿ ಹೊರೆ ಇಳಿದಾಗಿನ ಇ ಬೇರೆ. ಪರೀಕ್ಷೆಯ ಅಂಕಿ ಇಲ್ಲದಿದ್ದರೆ ಸಾಮಾನ್ಯವಾಗಿ ಇ50ರ (ಅರ್ಧ ಬಲದವರೆಗೆ ಹೊರೆ ಹಾಕಿದಾಗಿನ ಇ) 3 ಪಟ್ಟು ಹಿಡಿಯುತ್ತಾರೆ. ಅಗೆತದ ಮೊದಲ ಹಂತದಲ್ಲಿ ಹಿಂದಿನ ಚಲನೆಯನ್ನು ಸೊನ್ನೆ ಮಾಡುವುದನ್ನು ಮರೆಯಬೇಡಿ.

ಮೆತ್ತನೆ ಜೇಡಿಯಲ್ಲಿ ದೊಡ್ಡ ಅಪಾಯ ಅನ್‌ಡ್ರೇನ್ಡ್ ಎ (ಮಣ್ಣಿನ ನೀರು ಹೊರಹೋಗದ ಸ್ಥಿತಿಗೆ ಪ್ಲಾಕ್ಸಿಸ್‌ನ ಒಂದು ಆಯ್ಕೆ, ಬಲವನ್ನು ಮಾಡೆಲೇ ಲೆಕ್ಕಹಾಕುತ್ತದೆ). ಕತ್ತರಿಕೆಯಿಂದ ಏರುವ ನೀರಿನ ಒತ್ತಡ ಮೋರ್-ಕೂಲಂಬ್‌ಗೆ ಗೊತ್ತೇ ಆಗುವುದಿಲ್ಲ, ಹಾಗಾಗಿ ಮಣ್ಣಿನ ಬಲ ಇರುವುದಕ್ಕಿಂತ ಜಾಸ್ತಿ ಬರುತ್ತದೆ. 2004ರ ಏಪ್ರಿಲ್ 20ರಂದು ಸಿಂಗಪುರದ ನಿಕೋಲ್ ಹೈವೇ ಬಳಿ ಮೆಟ್ರೋ ಅಗೆತ ಕುಸಿದು 4 ಜನ ಸತ್ತರು. ಸ್ಟ್ರಟ್ (ಗೋಡೆಗಳ ನಡುವಿನ ಅಡ್ಡ ಆಸರೆ), ವೇಲರ್ (ಗೋಡೆಗುಂಟದ ತೊಲೆ) ಇವುಗಳ ಜೋಡಣೆ ದುರ್ಬಲವಾಗಿತ್ತು. ಜೊತೆಗೆ ಇದೇ ವಿಧಾನದಿಂದಾಗಿ ಗೋಡೆಯ ಬಾಗು, ಮೊಮೆಂಟ್ (ಬಾಗಿಸುವ ಪರಿಣಾಮ) ಎರಡೂ ಲೆಕ್ಕದಲ್ಲಿ ಕಡಿಮೆ ಬಂದಿದ್ದವು. ಅನ್‌ಡ್ರೇನ್ಡ್ ಬಿ ಆರಿಸಿ, ಅನ್‌ಡ್ರೇನ್ಡ್ ಬಲವನ್ನು ನೀವೇ ಕೊಡಿ.

ಸಾಲುಮಣ್ಣು:
ಪ್ಲಾಕ್ಸಿಸ್ ಲೈಸೆನ್ಸ್ ಕೈಗೆ ಸಿಗುವವರೆಗೆ ಪೈಥಾನ್ ಶುರುಮಾಡಿ, ಖರ್ಚಿಲ್ಲ. ಮೊದಲ ಅಭ್ಯಾಸಕ್ಕೆ ಎಸ್‌ಪಿಟಿ (ಸುತ್ತಿಗೆಯ ಹೊಡೆತ ಎಣಿಸುವ ಮಣ್ಣಿನ ಪರೀಕ್ಷೆ) ತಿದ್ದುಪಡಿ ಸಾಕು. ಆ ಎಣಿಕೆಯೇ ಎನ್. ಐಎಸ್ 2131ರಂತೆ ಮೊದಲು ಮೇಲ್ಭಾರದ ತಿದ್ದುಪಡಿ, ಆಮೇಲೆ ನೀರಿನ ಮಟ್ಟದ ಕೆಳಗಿನ ನುಣ್ಣನೆ ಮರಳು, ಸಿಲ್ಟ್‌ಗೆ ಮಾತ್ರ 15 + 0.5(ಎನ್ − 15), ಅದೂ ಎನ್ 15 ದಾಟಿದ್ದರೆ. 25 ಬಂದರೆ 20. ಕ್ರಮ ತಿರುಗಿಸಿದರೆ ಉತ್ತರ ಬೇರೆಯಾಗುತ್ತದೆ.

ಒಂದು ಎಚ್ಚರಿಕೆ: ಎಕ್ಸೆಲ್‌ನಲ್ಲಿ ಹೊಡೆತಗಳನ್ನು 6-9-12 ಅಂತ ಬರೆದರೆ ಅದು ದಿನಾಂಕವಾಗಿಬಿಡುತ್ತದೆ. ಹಾಗೇ ಸೇವ್ ಆದಮೇಲೆ ಪೈಥಾನ್‌ಗೂ ಸಿಗುವುದು ದಿನಾಂಕವೇ. ಪ್ರತಿ 15 ಸೆಂ.ಮೀ. ಇಳಿತದ ಹೊಡೆತಕ್ಕೆ ಒಂದರಂತೆ ಮೂರು ಕಾಲಂ ಇಡಿ. ಎನ್ ಅಂದರೆ ಕೊನೆಯ ಎರಡರ ಮೊತ್ತ, ಇಲ್ಲಿ 21. ರಿಫ್ಯೂಸಲ್‌ಗೆ (ಹೊಡೆದರೂ ಪೂರ್ತಿ ಇಳಿಯದಿದ್ದಾಗ) ಇನ್ನೊಂದು ಕಾಲಂ. 50 ಹೊಡೆತಕ್ಕೆ ಎಷ್ಟು ಸೆಂ.ಮೀ. ಇಳಿಯಿತು ಅನ್ನುವುದು ಅಲ್ಲಿರಲಿ.

ಕೆಂಪುಮಣ್ಣು:
ಬೋರ್‌ಹೋಲ್ ನಕ್ಷೆಗೆ ಕ್ಯೂಜಿಐಎಸ್ (ನಕ್ಷೆ ಮಾಡುವ ಸಾಫ್ಟ್‌ವೇರ್) ಸಾಕೇ?

ಗಟ್ಟಿತಳ:
ಧಾರಾಳ. ಯುಟಿಎಂ (ಸ್ಥಳವನ್ನು ಮೀಟರ್‌ನಲ್ಲಿ ಗುರುತಿಸುವ ನಕ್ಷೆ ಪದ್ಧತಿ) ವಲಯ ಮಾತ್ರ ನೋಡಿಕೊಳ್ಳಿ. ಬೆಂಗಳೂರು 43, ಆದರೆ 78 ಡಿಗ್ರಿ ರೇಖಾಂಶ ದಾಟಿದ ಕೋಲಾರ 44. ಕೋಲಾರದ 44ರ ಅಂಕಿಗೆ ವಲಯ 43ರ ಕೋಡ್ 32643 ಕೊಟ್ಟರೆ ಬೋರ್‌ಹೋಲ್ ಅರಬ್ಬಿ ಸಮುದ್ರದಲ್ಲಿ ಕಾಣುತ್ತದೆ, 32644 ಕೊಡಿ.