ಪುಟ್ಟೀ, ರೇಟು ಕೇಳದೆ ಏಡಿಗೆ ಹೂಂ ಅನ್ನಬೇಡ

ಪುಟ್ಟೀ, ನಿನ್ನ ಮೆಸೇಜ್ ಈಗ ನೋಡಿದೆ. ಕೈಯೆಲ್ಲ ಹಿಟ್ಟು, ಅದಕ್ಕೇ ಬಾಯಲ್ಲೇ ಹೇಳುತ್ತೇನೆ. ಸಿಂಗಾಪುರದಲ್ಲಿ ನಾಲ್ಕು ದಿನ, ಮಕ್ಕಳೂ ಅತ್ತೆಯೂ ಜೊತೆಗೆ, ದುಡ್ಡೆಲ್ಲ ಊಟಕ್ಕೇ ಹೋಗುತ್ತದಾ ಅಂತ ಕೇಳಿದ್ದೀಯಲ್ಲ. ಹೋಗುತ್ತದೆ. ನಮ್ಮದು ಹೋಗಿದೆ.

2011ರಲ್ಲಿ ನಾನೂ ನಿನ್ನ ದೊಡ್ಡಪ್ಪನೂ ಹೋದಾಗ, ಅಲ್ಲಿದ್ದನಲ್ಲ ಇವರ ಚಿಕ್ಕಮ್ಮನ ಮಗ, ಅವನು ಸಮುದ್ರದ ಪಕ್ಕ ಒಂದು ದೊಡ್ಡ ಹೋಟೆಲಿಗೆ ಕರೆದುಕೊಂಡು ಹೋದ. ಚಿಲ್ಲಿ ಕ್ರ್ಯಾಬ್ ತಿನ್ನಲೇಬೇಕಂತೆ. ಮೆನುವಿನಲ್ಲಿ ಎಲ್ಲದಕ್ಕೂ ರೇಟಿತ್ತು, ಏಡಿಯ ಮುಂದೆ ಮಾತ್ರ 'ಸೀಸನಲ್ ಪ್ರೈಸ್'. ಅಂದರೆ ಆ ಹೊತ್ತಿಗೆ ಮಾರ್ಕೆಟ್ಟಿನಲ್ಲಿ ಎಷ್ಟೋ ಅಷ್ಟು. ಸೀಸನ್ ಅಂದರೆ ಅಗ್ಗ ಅಂದುಕೊಂಡರು ನಿನ್ನ ದೊಡ್ಡಪ್ಪ! ಹುಡುಗ ಹಗ್ಗ ಬಿಗಿದ ಜೀವಂತ ಏಡಿ ತಂದು ತೋರಿಸಿದ, ಒಂದೊಂದು ಒಂದೂವರೆ ಕೇಜಿ. ಇವರು ಎರಡಕ್ಕೆ ತಲೆ ಆಡಿಸಿದರು. ಕೆಂಪು ಗೊಜ್ಜು, ಅದರಲ್ಲಿ ಮೊಟ್ಟೆ ಕದಡಿದ್ದು, ಅದ್ದಿಕೊಳ್ಳಲು ಕರಿದ ಬನ್ನು. ಹೆಸರಿಗೆ ಚಿಲ್ಲಿ, ಬರೀ ಸಿಹಿ. ನಾಲ್ಕು ಜನಕ್ಕೆ ಬಿಲ್ಲು 260 ಡಾಲರ್. ಅವರೇ ತಂದಿಟ್ಟ ನೆಲಗಡಲೆಗೂ ದುಡ್ಡು, ಒದ್ದೆ ಟಿಶ್ಯೂಗೂ ದುಡ್ಡು. ಕೇಜಿಗೆ ಎಷ್ಟು, ಇದು ಎಷ್ಟು ತೂಕ, ಎರಡೂ ಕೇಳದೆ ಹೂಂ ಅನ್ನಬೇಡ. ಅಂಥ ಏಡಿ ನಮ್ಮ ಕುಂದಾಪುರದ ಹೊಳೆಯಲ್ಲೇ ಇಲ್ವಾ?

ಬಿಲ್ಲು ಬಂದಾಗ ಕರೆದವನು ಎಲ್ಲಿ? ಕೈ ತೊಳೆಯಲು ಹೋಗಿದ್ದ. ಇವರು ಕಾರ್ಡ್ ಕೊಟ್ಟ ಮೇಲೆ ಬಂದು, 'ಅಯ್ಯೋ, ನಾನು ಕೊಡ್ತಿದ್ದೆ' ಅಂದ. ಮೊನ್ನೆ ಅವನ ಗೃಹಪ್ರವೇಶಕ್ಕೂ ವಾಟ್ಸಾಪಲ್ಲಿ ಒಂದು ಕಾರ್ಡು ಬಂತು ಅಷ್ಟೇ, ಒಂದು ಫೋನಿಲ್ಲ. ಈ ಗ್ರೂಪಿನಲ್ಲೇ ಇದ್ದಾನೆ, ಕೇಳಿಸಿಕೊಳ್ಳಲಿ.

ಏನು ಕೇಳಿದ್ದೆ ನೀನು? ಹಾಂ, ಊಟ. ಹಾಕರ್ ಸೆಂಟರಿಗೆ ಹೋಗಿ. ಬೀದಿಯ ಗಾಡಿಗಳನ್ನೆಲ್ಲ ಸರ್ಕಾರವೇ ಒಂದು ಸೂರಿನಡಿ ತಂದದ್ದು ಅದು, ಹೆದರಬೇಡ. ಲಿಟಲ್ ಇಂಡಿಯಾ ಸ್ಟೇಷನ್ನಿನ ಪಕ್ಕದಲ್ಲೇ ಟೆಕ್ಕಾ ಸೆಂಟರ್ ಇದೆ. ಮಕ್ಕಳಿಗೆ ಕಡ್ಡಿಗೆ ಚುಚ್ಚಿದ ಕೋಳಿ ಬೇಕಾದರೆ ಸಂಜೆ ಲಾವ್ ಪಾ ಸಾಟ್ ಅಂತ ಇನ್ನೊಂದು ಹಾಕರ್ ಸೆಂಟರ್ ಇದೆ, ಪಕ್ಕದ ರಸ್ತೆಯಲ್ಲೇ ಸುಡುತ್ತಾರೆ. ನಿನ್ನ ಅತ್ತೆ ಮೀನು ಮುಟ್ಟುವುದಿಲ್ಲ ಅಲ್ವಾ, ಬರೀ ಸೊಪ್ಪು ಅಂತ ತರಿಸಿದರೂ ಸಾಂಬಾಲ್ ಅನ್ನೋ ಮೆಣಸಿನ ಚಟ್ನಿ ಹಾಕಿದ್ದರೆ ಅದರಲ್ಲಿ ಸಿಗಡಿ ಇರುತ್ತದೆ, ಜೋಪಾನ. ಅವರಿಗೆ ಸೆರಂಗೂನ್ ರಸ್ತೆಯೇ ಸರಿ. 1947ರಿಂದ ಕೋಮಲ ವಿಲಾಸ್ ಅಂತ ಸಸ್ಯಾಹಾರಿ ಹೋಟೆಲ್ ಇದೆ, 2013ರಲ್ಲಿ ನಮ್ಮ ಎಂಟಿಆರ್ ಕೂಡ ಬಂದಿದೆ. ನಿನ್ನ ಗಂಡನಿಗೆ ದೊಡ್ಡ ಹೋಟೆಲೇ ಬೇಕು ಅಂದರೆ ಒಂದು ದಿನ ಹೋಗಿ, ಆದರೆ ರೇಟಿನ ಮುಂದೆ ಎರಡು ಪ್ಲಸ್ ಇದೆಯಾ ನೋಡು. ಸರ್ವಿಸ್ ಚಾರ್ಜು 10 ಪರ್ಸೆಂಟು, ಅದರ ಮೇಲೆ ಜಿಎಸ್‌ಟಿ 9 ಪರ್ಸೆಂಟು. 100 ಅಂತ ಬರೆದಿದ್ದರೆ ಹೋಗುವುದು 120. ಏಡಿಯಾದರೆ ಕೇಜಿ ರೇಟು ಕೇಳು, ಮತ್ತೆ ಹೇಳುತ್ತಿದ್ದೇನೆ.

ಇನ್ನೊಂದು, ಹಾಕರ್ ಸೆಂಟರಲ್ಲಿ ಮೇಜಿನ ಮೇಲೆ ಟಿಶ್ಯೂ ಪ್ಯಾಕೆಟ್ ಇದ್ದರೆ ಆ ಜಾಗ ಯಾರೋ ಹಿಡಿದಿದ್ದಾರೆ ಅಂತ, ನಮ್ಮಲ್ಲಿ ಬಸ್ ಕಿಟಕಿಯಿಂದ ಕರ್ಚೀಫು ಹಾಕುತ್ತೇವಲ್ಲ ಹಾಗೆ. ತಿಂದ ತಟ್ಟೆ ನೀವೇ ಎತ್ತಿಡಬೇಕು, ಇಲ್ಲದಿದ್ದರೆ ದಂಡವೂ ಬೀಳಬಹುದು. ನಿನ್ನ ಗಂಡನಿಗೆ ಇಲ್ಲಿಂದಲೇ ಹೇಳಿಟ್ಟಿರು.